ಲೆಕ್ಕ ಹಾಕಿ ಬರೆದ ತಪ್ಪುಗಳು

ಹೊಸನಗರ,
೨೩ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಉಮೇಶಣ್ಣಾ,

ಕೈ ಹೇಗಿದೆ? ಕಾದ ಎಣ್ಣೆ ಬಿದ್ದು ಸುಟ್ಟುಕೊಂಡೆಯಂತೆ. ಅದನ್ನು ನೀನು ಹೇಳಲಿಲ್ಲ, ಮಲ್ಪೆಯಲ್ಲಿ ನೀನು ಊಟ ಮಾಡುವ ಮೆಸ್ಸಿನ ಕುಮಾರ ಹೇಳಿದ. ನಿನ್ನ ನಂಬರಿಗೆ ಮಾಡಿ ಮಾಡಿ ಬೇಸತ್ತು ಕೊನೆಗೆ ಅವನಿಗೆ ಫೋನ್ ಮಾಡಿದ್ದೆ. ನೀನು ಅಡುಗೆಗಿರುವ ಮೀನಿನ ಬೋಟು ಗುರುವಾರ ಹೊರಟಿದೆ, ವಾಪಸು ಬರಲು ಹತ್ತು ದಿನ ಬೇಕು, ಕಾಗದ ಕಳಿಸಿದರೆ ಜೋಪಾನವಾಗಿ ಕೈಗೇ ಕೊಡುತ್ತೇನೆ ಎಂದ. ನಡುಸಮುದ್ರದಲ್ಲಿ ಫೋನು ಸಿಗುವುದಿಲ್ಲ, ಒಪ್ಪಿದೆ. ದಡಕ್ಕೆ ಬಂದ ಮೇಲೂ ಸಿಗುವುದಿಲ್ಲವಲ್ಲ, ಅದಕ್ಕೇನು ಹೇಳಲಿ? ಇರಲಿ, ಜಗಳ ಆಡಲು ಕೂತಿಲ್ಲ. ಗಾಯದ ಮೇಲೆ ಅರಿಶಿನ ಮೆತ್ತಿಕೊಂಡು ಒಲೆ ಮುಂದೆ ನಿಲ್ಲಬೇಡ, ಡಾಕ್ಟರಿಗೆ ತೋರಿಸು. ಒಂದು ವಾರ ಬೋಟಿನವರು ತಾವೇ ಅನ್ನ ಬೇಯಿಸಿಕೊಂಡರೆ ಪ್ರಳಯವೇನೂ ಆಗುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದದ್ದೇ, ಬಾಯಿಗೆ ಯಾವ ನೋವೂ ಇಲ್ಲ. ಅಪ್ಪ ಹೋದ ಮೇಲೆ ಅವಳಿಗೆ ಬೈಯಲು ನಾನೊಬ್ಬಳೇ ಉಳಿದಿದ್ದೇನೆ, ಅಪ್ಪನ ಪಾಲೂ ನನಗೇ ಬರುತ್ತಿದೆ. ಈಗ ಪಕ್ಕದ ಮನೆಯವರ ಟೀವಿ ನೋಡಲು ಹೋಗಿದ್ದಾಳೆ, ಅವಳು ಬರುವುದರೊಳಗೆ ಇದನ್ನು ಮುಗಿಸಬೇಕು.

ನನಗೆ ಹೊಸ ಕೆಲಸ ಸಿಕ್ಕ ಸುದ್ದಿ ನಿನಗೆ ಮೆಸೇಜು ಹಾಕಿದ್ದೆ. ನೀನು ಹೆಬ್ಬೆರಳು ತೋರಿಸಿ ಸುಮ್ಮನಾದೆ. ಏನು ಕೆಲಸ ಎಂದು ಓದಿದೆಯೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ನಗಬೇಡ. ಕವಲೇದುರ್ಗದ ಕೆಳಗಿನ ಶಾಲೆಯಲ್ಲಿ ನಾಲ್ಕು ವರ್ಷ ಅತಿಥಿ ಶಿಕ್ಷಕಿಯಾಗಿ ಸವೆದ ನಿನ್ನ ತಂಗಿ ಈಗ ಪ್ರತಿಭಾವಂತ ಮಕ್ಕಳ ಶಿಕ್ಷಕಿ. ಇಲ್ಲಿ ಒಂದು ಟ್ರಸ್ಟಿನವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಸರಕಾರಿ ಶಾಲೆಗಳಿಂದ ಪರೀಕ್ಷೆ ಮಾಡಿ ಹದಿನೆಂಟು ಮಕ್ಕಳನ್ನು ಆರಿಸಿದ್ದಾರೆ. ಎಲ್ಲ ಐದು, ಆರನೇ ಕ್ಲಾಸಿನವರು. ಶನಿವಾರ ಮಧ್ಯಾಹ್ನ ಬಂದು, ರಾತ್ರಿ ಇಲ್ಲೇ ಉಳಿದು, ಭಾನುವಾರ ಊಟ ಮುಗಿಸಿ ಹೋಗುತ್ತಾರೆ. ಅವರಿಗೆ ಗಣಿತ ಮತ್ತು ವಿಜ್ಞಾನ ನಾನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅರವತ್ತೆರಡು ತೆಗೆದವಳು! ಸಂದರ್ಶನದಲ್ಲಿ ಟ್ರಸ್ಟಿನ ಕಾರ್ಯದರ್ಶಿ ವೆಂಕಟ್ರಮಣ ಸರ್, ನಿಮಗೆ ಇಂಥ ಮಕ್ಕಳ ಅನುಭವ ಇದೆಯೇ ಎಂದು ಕೇಳಿದರು. ನಮ್ಮಣ್ಣನೇ ಅಂಥವನು, ಅವನ ಜೊತೆ ಬೆಳೆದಿದ್ದೇನೆ ಎಂದುಬಿಟ್ಟೆ. ಅವರು ಬಹಳ ಸಂತೋಷಪಟ್ಟು, ಅಣ್ಣ ಈಗ ಏನಾಗಿದ್ದಾರೆ ಎಂದರು. ಮಲ್ಪೆಯಲ್ಲಿದ್ದಾನೆ ಎಂದೆ. ಅವರು ಬ್ಯಾಂಕು ಅಂದುಕೊಂಡರೋ ಆಸ್ಪತ್ರೆ ಅಂದುಕೊಂಡರೋ, ನಾನು ತಿದ್ದಲಿಲ್ಲ. ಕ್ಷಮಿಸು.

ಶಿವಮೊಗ್ಗದಲ್ಲಿ ಮೂರು ದಿನ ತರಬೇತಿ ಕೊಟ್ಟರು. ಇಂಥ ಮಕ್ಕಳಿಗೆ ಉತ್ತರ ಕೊಡಬೇಡಿ, ಪ್ರಶ್ನೆ ಕೊಡಿ ಎಂದು ಅಲ್ಲಿಯ ಮೇಡಂ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದುಕೊಂಡೆ. ಮೊದಲ ಶನಿವಾರ ಎರಡು ಗಂಟೆಗಾಗುವಷ್ಟು ಲೆಕ್ಕ ತಯಾರಿ ಮಾಡಿಕೊಂಡು ಹೋದೆ. ಹದಿನೈದು ನಿಮಿಷಕ್ಕೆ ಎಲ್ಲ ಖಾಲಿ. ಆಮೇಲೆ ಹದಿನೆಂಟು ಮಕ್ಕಳು ಕೈಕಟ್ಟಿ ನನ್ನ ಮುಖ ನೋಡುತ್ತ ಕೂತರು. ಬೇಕಾದರೆ ಗಲಾಟೆ ಮಾಡಿ ಎನ್ನುವಂತಾಯಿತು ನನಗೆ. ಗಲಾಟೆ ಮಾಡುವ ಮಕ್ಕಳನ್ನು ಹೇಗೆ ಕೂರಿಸುವುದು ಎಂದು ನನಗೆ ಗೊತ್ತು, ನಾಲ್ಕು ವರ್ಷ ಅದನ್ನೇ ಮಾಡಿದ್ದೇನೆ. ಕೊಟ್ಟದ್ದನ್ನೆಲ್ಲ ತಿಂದು ತಟ್ಟೆ ಹಿಡಿದುಕೊಂಡು ಕೂತವರಿಗೆ ಏನು ಬಡಿಸುವುದು? ಆ ದಿನ ಉಳಿದ ಸಮಯ ಅವರಿಂದ ಹಾಡು ಹೇಳಿಸಿದೆ. ಮನೆಗೆ ಬಂದು ಅಮ್ಮನ ಎದುರು ಅತ್ತೆ. "ಬಿಟ್ಟು ಬಾ ಹಂಗಾರೆ, ಕುತ್ಕಂಡು ಎಂತಕ್ಕೆ ಅಳ್ತೀಯ?" ಎಂದಳು.

ಅವರಲ್ಲಿ ಒಬ್ಬಳು ಭವ್ಯಾ. ಈ ಕಾಗದ ಅವಳ ವಿಷಯಕ್ಕೇ. ಹನ್ನೊಂದು ವರ್ಷ, ಸಾಗರ ತಾಲ್ಲೂಕು, ಹಿನ್ನೀರಿನ ಹೊಳೆಯ ಆಚೆಯ ಊರು. ಅಪ್ಪ ವಾಸಪ್ಪ ಹಿಂದೆ ಹೊಳೆಬಾಗಿಲಿನಲ್ಲಿ ಚಹಾದ ಅಂಗಡಿ ಇಟ್ಟಿದ್ದ. ಈಗ ಸೇತುವೆ ಆಗಿ ಹೊಳೆ ದಾಟುವ ಲಾಂಚಿಗೆ ಕಾಯುವ ಜನವೇ ಇಲ್ಲ, ಗಾರೆ ಕೆಲಸಕ್ಕೆ ಹೋಗುತ್ತಾನೆ. ತಾಯಿ ಇಲ್ಲ. ಅಜ್ಜಿ ಗುತ್ಯಮ್ಮ ಎರಡು ಬಸ್ಸು ಬದಲಿಸಿ ಕರೆದುಕೊಂಡು ಬಂದು, ಮಗು ಇಲ್ಲಿರುವಷ್ಟು ಹೊತ್ತೂ ಅಡುಗೆಯವರಿಗೆ ತರಕಾರಿ ಹೆಚ್ಚಿಕೊಟ್ಟು, ಭಾನುವಾರ ಜೊತೆಗೇ ಹೊರಡುತ್ತಾಳೆ. ಎರಡನೆಯ ವಾರ ನಾನು ನಕ್ಷೆ ಕೊಟ್ಟು ಊರಿನ ವಿಸ್ತೀರ್ಣ ಕಂಡುಹಿಡಿಯಲು ಹೇಳಿದ್ದೆ. ಭವ್ಯಾ ಎದ್ದು ನಿಂತಳು. "ಮಿಸ್, ನಮ್ಮೂರಲ್ಲಿ ಮಳೆಗಾಲ ಮುಗಿದಾಗ ಹೊಳೆ ನಮ್ಮ ಬೇಲಿವರೆಗೆ ಬರ್ತದೆ. ಬೇಸಿಗೇಲಿ ಅರ್ಧ ಮೈಲಿ ಹಿಂದೆ ಹೋಗ್ತದೆ, ಅಲ್ಲಿ ಹಳೇ ಗದ್ದೆ ಬದು ಕಾಣ್ತದೆ. ನಕ್ಷೇಲಿ ಗೆರೆ ಎಳೆದೋರು ಯಾವ ತಿಂಗಳಲ್ಲಿ ಬಂದಿದ್ರು?" ಅಣ್ಣಾ, ಎಷ್ಟು ಒಳ್ಳೆಯ ಪ್ರಶ್ನೆ ಅಲ್ಲವೇ! ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಪುಸ್ತಕದಲ್ಲಿ ಇರುವುದೇ ಸರಿ, ಕೂತುಕೋ ಎಂದೆ. ಕೂತಳು. ನೀನು ಅಂಗಳದಲ್ಲಿ ಕಡ್ಡಿಯಿಂದ ಏನಾದರೂ ಗೀಚುತ್ತ ಕೇಳಿದಾಗ ಅಪ್ಪ ಹೇಳುತ್ತಿದ್ದದ್ದೂ ಅದೇ ಮಾತು.

ಅಕ್ಟೋಬರಿನಲ್ಲಿ ದಾನಿಗಳನ್ನು ಕರೆದು ಸಮಾರಂಭ ಮಾಡಿದರು. ವೆಂಕಟ್ರಮಣ ಸರ್ ಹಿಂದಿನ ವಾರವೇ ಕರೆದು, "ಮಕ್ಕಳದ್ದು ಏನಾದ್ರೂ ಒಂದು ಐಟಂ ಇಡಿ, ನೋಡಿದವರು ಹಾಂ ಅನ್ನಬೇಕು," ಎಂದಿದ್ದರು. ಭವ್ಯಾಳಿಗೆ ಯಾವ ತಾರೀಕು ಹೇಳಿದರೂ ವಾರ ಹೇಳಲು ಬರುತ್ತದೆ. ಯಾರೂ ಕಲಿಸಿದ್ದಲ್ಲ, ಮನೆಯಲ್ಲಿ ತೂಗುಹಾಕಿದ್ದ ಹಳೆಯ ಕ್ಯಾಲೆಂಡರುಗಳನ್ನು ನೋಡಿ ನೋಡಿ ತಾನೇ ದಾರಿ ಕಂಡುಕೊಂಡಿದ್ದಾಳೆ. ಅವಳನ್ನು ವೇದಿಕೆಗೆ ಹತ್ತಿಸಿ, ನಿಮ್ಮ ಹುಟ್ಟಿದ ದಿನ ಹೇಳಿ, ನಮ್ಮ ಹುಡುಗಿ ವಾರ ಹೇಳುತ್ತಾಳೆ ಎಂದು ಮೈಕಿನಲ್ಲಿ ಕೂಗಿದವಳು ನಾನೇ. ಏಳೆಂಟು ಜನ ಕೇಳಿದರು, ಮೊಬೈಲಿನಲ್ಲಿ ನೋಡಿಕೊಂಡು ಚಪ್ಪಾಳೆ ಹೊಡೆದರು. ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ದಾನಿಯೊಬ್ಬರು ೧೯೫೬ನೇ ಇಸವಿ ಮಾರ್ಚ್ ಒಂಬತ್ತು ಎಂದರು. ಭವ್ಯಾ ಶುಕ್ರವಾರ ಎಂದಳು. ಅವರು ನಕ್ಕು ತಲೆ ಅಲ್ಲಾಡಿಸಿದರು. "ಅಲ್ಲ ಮಗಾ, ಗುರುವಾರ. ನಮ್ಮ ತಾಯಿ ಹೇಳಿದ್ದು, ನಮ್ಮ ತಾಯಿಗೆ ಗೊತ್ತಿರಲ್ವಾ?" ಜನವೆಲ್ಲ ಗೊಳ್ಳೆಂದು ನಕ್ಕರು. ಭವ್ಯಾ ಮತ್ತೆ ಶುಕ್ರವಾರ ಎಂದಳು. ವೆಂಕಟ್ರಮಣ ಸರ್ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಮೊಬೈಲು ಇತ್ತು, ಅದರಲ್ಲಿ ಶುಕ್ರವಾರವೇ ಇತ್ತು, ನಾನೇ ನೋಡಿದೆ. ನೋಡಿಯೂ ಅವಳ ಕಿವಿಯ ಹತ್ತಿರ ಬಗ್ಗಿ, "ದೊಡ್ಡವರು ಹೇಳ್ತಿದ್ದಾರಲ್ಲ ಪುಟ್ಟಿ, ತಪ್ಪಾಯ್ತು ಅನ್ನು," ಎಂದೆ. ಅವಳು ಮೈಕಿನಲ್ಲಿ ತಪ್ಪಾಯ್ತು ಎಂದಳು. ಆ ಹಿರಿಯರು ಎದ್ದು ಬಂದು ಅವಳ ತಲೆ ಸವರಿ ಒಂದು ಪೆನ್ನು ಕೊಟ್ಟರು. ಒಳ್ಳೆಯ ಮನುಷ್ಯರೇ ಪಾಪ.

ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆಯೇ, "ಕೋಳಿ ಕೂಗೋ ಮುಂಚೆ ಹುಟ್ಟಿರ್ತಾರೆ, ಸೂರ್ಯ ಹುಟ್ಟೋವರೆಗೂ ಹಿಂದಿನ ದಿನದ ವಾರವೇ ಅಲ್ವನೇ," ಎಂದಳು. ಅಷ್ಟೇ ವಿಷಯ. ಪಂಚಾಂಗದ ಪ್ರಕಾರ ಅವರು ಗುರುವಾರ ಹುಟ್ಟಿದವರು, ಕ್ಯಾಲೆಂಡರಿನ ಪ್ರಕಾರ ಶುಕ್ರವಾರ. ಇಬ್ಬರೂ ಸರಿ! ಇದಕ್ಕಿಂತ ಚೆಂದದ ಪಾಠ ನನಗೆ ಇನ್ನೆಲ್ಲಿ ಸಿಗಬೇಕಿತ್ತು? ಮುಂದಿನ ಶನಿವಾರ ಓಡಿಹೋಗಿ ಅವಳಿಗೆ ಹೇಳಿದೆ. ಒಂದು ಕ್ಷಣ ಅವಳ ಮುಖ ಅರಳಿತು, ನಿಜವಾಗಿ ಅರಳಿತು. ಆಮೇಲೆ ಕೇಳಿದಳು, "ಅವತ್ತೇ ನಿಮಗೆ ಇದು ಗೊತ್ತಿತ್ತಾ ಮಿಸ್?" ಇಲ್ಲ ಎಂದೆ. "ಹಾಗಾದ್ರೆ ತಪ್ಪಾಯ್ತು ಅನ್ನು ಅಂತ ಯಾಕೆ ಅಂದ್ರಿ?" ನಾನು ಹಾಜರಿ ಪುಸ್ತಕ ತೆಗೆದು ಹೆಸರು ಕರೆಯಲು ಶುರುಮಾಡಿದೆ.

ಆಗ ನೀನು ತುಂಬ ನೆನಪಾದೆ. ಮದುವೆ ಮನೆಗಳಲ್ಲಿ ಮೊದಲ ಪಂಕ್ತಿ ಎದ್ದು ಎರಡನೆಯ ಪಂಕ್ತಿಗೆ ಎಲೆ ಹಾಕುವ ತನಕ ಅಪ್ಪ ನಿನ್ನನ್ನು ಕರೆದು ನಿಲ್ಲಿಸುತ್ತಿದ್ದರಲ್ಲ? "ಬಾರೋ ಉಮೇಶಾ, ಹತ್ತೊಂಬತ್ತರ ಮಗ್ಗಿ ಕೆಳಗಿಂದ ಮೇಲೆ ಹೇಳೋ." ಹಸಿದು ಕೂತವರಿಗೆ ಹೊತ್ತು ಕಳೆಯಲು ನೀನು. ಒಬ್ಬರು ಬೆನ್ನು ತಟ್ಟುವುದು, ಇನ್ನೊಬ್ಬರು ಕೆನ್ನೆ ಹಿಂಡುವುದು, ಬೇಕೆಂದೇ ತಪ್ಪು ಎಂದು ಹೇಳಿ ಕೆಣಕುವುದು. ನಾನು ಅಮ್ಮನ ಸೆರಗಿನ ಹಿಂದಿನಿಂದ ನೋಡುತ್ತಿದ್ದೆ. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ನನಗೆ ಎರಡರ ಮಗ್ಗಿಯನ್ನೂ ಯಾರೂ ಕೇಳಿದವರಲ್ಲ. ನಿನ್ನ ಕಿವಿ ಕೆಂಪಾಗುವುದನ್ನು ಮಾತ್ರ ಕಂಡಿದ್ದೆ. ಅದನ್ನೆಲ್ಲ ಕಂಡ ನಾನೇ ಭವ್ಯಾಳನ್ನು ವೇದಿಕೆಗೆ ಹತ್ತಿಸಿದೆ. ನೋಡು, ನಮ್ಮ ಕಡೆ ಬುದ್ಧಿವಂತ ಮಗು ಸಿಕ್ಕರೆ ನಮಗೆಲ್ಲ ಇದೊಂದೇ ತೋಚುವುದು.

ಈಗ ಆಗಿರುವುದು ಕೇಳು. ಆ ಸಮಾರಂಭದ ನಂತರದ ಎರಡು ಪರೀಕ್ಷೆಗಳಲ್ಲಿ ಭವ್ಯಾಳಿಗೆ ನಲವತ್ತಕ್ಕೆ ಹನ್ನೊಂದು, ಆಮೇಲೆ ಸೊನ್ನೆ. ಮೊದಲು ಯಾವಾಗಲೂ ನಲವತ್ತಕ್ಕೆ ನಲವತ್ತು. ವೆಂಕಟ್ರಮಣ ಸರ್, "ಕೆಲವು ಮಕ್ಕಳು ಹೀಗೇ, ಬೇಗ ಉರಿದು ಆರಿಹೋಗ್ತಾವೆ," ಎಂದರು. ನಾನು ಅವಳ ಎರಡನೆಯ ಉತ್ತರಪತ್ರಿಕೆ ಮನೆಗೆ ತಂದು ಮೂರು ದಿನ ನೋಡಿದೆ. ಮೊದಲ ಲೆಕ್ಕದ ಉತ್ತರ ಒಂದು ಹೆಚ್ಚು. ಎರಡನೆಯದು ಎರಡು ಹೆಚ್ಚು. ಮೂರನೆಯದು ಮೂರು. ಹೀಗೇ ಕೊನೆಯ ತನಕ, ಎಲ್ಲೂ ಜಾರಿಲ್ಲ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಬರೆಯಬೇಕಾದರೆ ಸರಿ ಉತ್ತರ ಪೂರ್ತಿ ಗೊತ್ತಿರಲೇಬೇಕು. ಮುಂದಿನ ವಾರ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಬೇಕೆಂದೇ ಬರೆಯುತ್ತಿದ್ದೀಯಾ ಎಂದು ಕೇಳಿದೆ. ನೆಲ ನೋಡುತ್ತ ಹೇಳಿದಳು, "ತಪ್ಪು ಬರೆದ್ರೆ ಯಾರೂ ಮೇಲೆ ಹತ್ತಿಸಲ್ಲ ಅಲ್ವಾ ಮಿಸ್?" ಆಮೇಲೆ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳಬೇಡಿ," ಎಂದಳು. ಹೇಳುವುದಿಲ್ಲ ಎಂದೆ. ಎಂದದ್ದೇನೋ ಸರಿ, ಆದರೆ ಆಗ ನನಗೆ ಮುಂದಿನದು ಗೊತ್ತಿರಲಿಲ್ಲ.

ಮುಂದಿನದು ಏನೆಂದರೆ, ಈ ಹದಿನೆಂಟರಲ್ಲಿ ಆರು ಮಕ್ಕಳನ್ನು ಜೂನಿನಿಂದ ಶಿವಮೊಗ್ಗದ ಒಂದು ವಸತಿ ಶಾಲೆಗೆ ಹಾಕುತ್ತಾರಂತೆ, ಹತ್ತನೇ ತರಗತಿಯ ತನಕ ಎಲ್ಲ ಖರ್ಚೂ ಅವರದೇ. ಸಾಮಾನ್ಯ ಎಂದು ಕಂಡ ಮೂವರನ್ನು ಮುಂದಿನ ತಿಂಗಳೇ ಈ ತರಗತಿಯಿಂದಲೂ ಬಿಡಿಸುತ್ತಾರೆ. ಬಿಡಿಸುವ ಪಟ್ಟಿಯಲ್ಲಿ ಮೊದಲ ಹೆಸರು ಭವ್ಯಾಳದ್ದು. ಡಿಸೆಂಬರ್ ಆರನೇ ತಾರೀಕು ಶನಿವಾರ ನಾನು ಷರಾ ಬರೆದು ಸಹಿ ಹಾಕಿ ಕೊಡಬೇಕು. ನಾನು ಸುಮ್ಮನೆ ಸಹಿ ಹಾಕಿದರೆ ಅವಳಿಗೆ ಹೊಳೆಯಾಚೆಯ ಶಾಲೆಯೊಂದೇ ಗತಿ, ಅಲ್ಲಿ ಐದು ಕ್ಲಾಸಿಗೆ ಒಬ್ಬರು ಟೀಚರು, ಇವಳು ಚಿಕ್ಕ ಮಕ್ಕಳ ಸ್ಲೇಟು ತಿದ್ದುತ್ತ ಕೂರುತ್ತಾಳೆ. ನಾನು ನಿಜ ಬರೆದು ಆ ಉತ್ತರಪತ್ರಿಕೆ ತೋರಿಸಿದರೆ ವೆಂಕಟ್ರಮಣ ಸರ್ ಕುಣಿದಾಡುತ್ತಾರೆ, ಇಂಥ ಮಗುವನ್ನು ನೋಡೇ ಇಲ್ಲ ಎನ್ನುತ್ತಾರೆ, ಆರರಲ್ಲಿ ಮೊದಲನೆಯವಳಾಗಿ ಅವಳನ್ನು ಹಾಸ್ಟೆಲಿಗೆ ಸೇರಿಸುತ್ತಾರೆ. ಅಲ್ಲಿ ವೇದಿಕೆಗಳಿಗೆ ಕೊರತೆ ಇಲ್ಲ. ಗುತ್ಯಮ್ಮ ಇವತ್ತು ಬಸ್ಸು ಹತ್ತುವಾಗ ನನ್ನ ಎರಡೂ ಕೈ ಹಿಡಿದು, "ಮಗೀಗೆ ಎಂತಾಗದೆ ಅಮಾ? ಮೊದ್ಲು ಮನೇಲಿ ಬಾಯಿ ಮುಚ್ತಿರ್ಲಿಲ್ಲ, ಈಗ ಮಾತೇ ಆಡಾದಿಲ್ಲ. ನೀವು ಹೇಳ್ದಂಗೆ ಮಾಡ್ತೀವಿ," ಎಂದಳು. ಮೂರು ತಾಲ್ಲೂಕಿಗೆ ಒಬ್ಬಳೇ ಪ್ರತಿಭಾವಂತ ಮಕ್ಕಳ ಶಿಕ್ಷಕಿ ನಾನು, ಬಸ್ಸು ಹೋಗುವ ತನಕ ಅಲ್ಲೇ ನಿಂತಿದ್ದು ಬಂದೆ.

ನೀನೂ ಅದೇ ದಾರಿ ಹಿಡಿದಿದ್ದೆಯಲ್ಲ. ಏಳನೇ ಕ್ಲಾಸಿನಲ್ಲಿ, ಅಪ್ಪ ನಿನ್ನನ್ನು ಸೇರಿಸಿದ್ದ ವಸತಿ ಶಾಲೆಯಲ್ಲಿ, ಮನೆಗೆ ಕಳಿಸುತ್ತಾರೆ ಎಂದು ಬೇಕೆಂದೇ ಅಂಕ ಕಳೆದುಕೊಂಡೆ. ಇನ್ನೊಂದು ತಿಂಗಳು ಕಳೆದಿದ್ದರೆ ಕಳಿಸಿಯೇ ಬಿಡುತ್ತಿದ್ದರು, ಅಪ್ಪ ನಿನ್ನ ಟ್ರಂಕು ತರಲು ಹೊರಟಿದ್ದರು. ಅಷ್ಟರಲ್ಲಿ ವಿಷಯ ಅಪ್ಪನಿಗೆ ಗೊತ್ತಾಯಿತು. ರಜೆಯಲ್ಲಿ ನಿನಗೆ ಪಾಠ ಹೇಳುತ್ತಿದ್ದ ಹೂವಯ್ಯ ಮೇಷ್ಟ್ರೇ ಪತ್ತೆ ಮಾಡಿ ಹೇಳಿದರು ಎಂದು ನೀನು ಅಂದುಕೊಂಡೆ. ಅಪ್ಪ ಆ ಶಾಲೆಗೇ ಹೋಗಿ, ಇವನಿಗೆ ಎಲ್ಲ ಬರುತ್ತದೆ, ಸೊಕ್ಕು ಅಷ್ಟೇ, ಬಿಡಬೇಡಿ ಎಂದು ಹೇಳಿ ಬಂದರು. ಅವರು ಬಿಡಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹತ್ತು ದಿನ ಇರುವಾಗ ನೀನೇ ಶಾಲೆ ಬಿಟ್ಟು ಆಗುಂಬೆ ಘಾಟಿ ಇಳಿದು ಮಲ್ಪೆ ಸೇರಿದೆ. ಹೋದ ತಿಂಗಳು ತೀರ್ಥಹಳ್ಳಿಯ ಸಂತೆಯಲ್ಲಿ ಹೂವಯ್ಯ ಮೇಷ್ಟ್ರು ಸಿಕ್ಕಿದ್ದರು, ತುಂಬ ಬಗ್ಗಿಬಿಟ್ಟಿದ್ದಾರೆ. "ಅಪ್ಪನ ತಿಥಿಗೆ ಬಂದಾಗ್ಲೂ ಉಮೇಶ ನನ್ನ ನೋಡಿ ಮುಖ ತಿರುಗಿಸ್ದ ಕಣೇ. ಎಂತಕ್ಕೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ," ಎಂದರು. ನಾನು ಸೊಪ್ಪಿನ ಕಟ್ಟು ಚೀಲಕ್ಕೆ ಹಾಕಿಕೊಳ್ಳುತ್ತ, ಅವನು ಎಲ್ಲರ ಹತ್ತಿರವೂ ಹಾಗೇ ಸರ್ ಎಂದೆ.

ಅಮ್ಮ ಬರುವ ಸದ್ದಾಗುತ್ತಿದೆ. ನಿನಗೆ ಕಾಗದ ಬರೆಯುತ್ತಿದ್ದೇನೆ ಎಂದು ಗೊತ್ತಾದರೆ ತಾನೂ ನಾಲ್ಕು ಮಾತು ಹೇಳಿ ಬರೆಸುತ್ತಾಳೆ, ಅದು ನಾಲ್ಕಕ್ಕೆ ನಿಲ್ಲುವುದಿಲ್ಲ. ಅವಳ ಪರವಾಗಿ ನಾನೇ ಬರೆಯುತ್ತೇನೆ: ಹೊತ್ತಿಗೆ ಸರಿಯಾಗಿ ಉಣ್ಣು, ಗಾಳಿ ಇರುವಾಗ ಬೋಟಿನ ಅಂಚಿಗೆ ಹೋಗಬೇಡ, ದೇವರು ಚೆನ್ನಾಗಿಟ್ಟಿರಲಿ. ಕುಮಾರನಿಗೂ ಬೋಟಿನ ಜೊತೆಗಾರರಿಗೂ ನನ್ನ ನಮಸ್ಕಾರ ತಿಳಿಸು. ಕೈಗೆ ಔಷಧಿ ಹಚ್ಚುವುದು ಮರೆಯಬೇಡ.

ನಿನ್ನ ತಂಗಿ,
ಸೌಜನ್ಯಾ

ಮತ್ತೆ ಬರೆಯುತ್ತಿದ್ದೇನೆ, ಅಮ್ಮ ಕಾಲು ತೊಳೆಯಲು ಬಚ್ಚಲಿಗೆ ಹೋಗಿದ್ದಾಳೆ. ಅಪ್ಪನಿಗೆ ಹೇಳಿದ್ದು ಹೂವಯ್ಯ ಮೇಷ್ಟ್ರಲ್ಲ ಅಣ್ಣಾ, ನಾನು. ಆ ರಜೆಯಲ್ಲಿ ನೀನು ನನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿಕೊಡುತ್ತ, ಬೇಕೆಂದೇ ತಪ್ಪು ಬರೆಯುತ್ತಿದ್ದೇನೆ, ಯಾರಿಗೂ ಹೇಳಬೇಡ ಎಂದಿದ್ದೆ. ಅದಾದ ಎರಡು ದಿನಕ್ಕೆ ಅಪ್ಪ ಜಗಲಿಯಲ್ಲಿ ನನ್ನನ್ನು ಹತ್ತಿರ ಕೂರಿಸಿಕೊಂಡು, ಅಣ್ಣನಿಗೆ ಏನಾಗಿದೆ ನಿನಗೆ ಗೊತ್ತಾ ಮಗಳೇ ಎಂದರು. ಅಪ್ಪ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಎಂಟು ವರ್ಷ ನನಗೆ. ನನಗೆ ಗೊತ್ತು ಎನ್ನುವ ಖುಷಿಗೆ ಹೇಳಿಬಿಟ್ಟೆ. ಇಪ್ಪತ್ತೊಂದು ವರ್ಷದಿಂದ ನಿನಗೆ ಹೇಳಲು ಆಗಲಿಲ್ಲ. ಬೈಯುವುದಾದರೆ ಬೈ, ಮುಖ ನೋಡುವುದಿಲ್ಲ ಎಂದರೂ ಸರಿ, ಆದರೆ ಮೇಷ್ಟ್ರ ಮನೆಗೆ ಒಮ್ಮೆ ಹೋಗಿ ಬಾ. ಮತ್ತೆ ಇದೊಂದನ್ನು ಆರನೇ ತಾರೀಕಿನ ಒಳಗೆ ತಿಳಿಸು. ಈ ಹುಡುಗಿಯ ವಿಷಯ ಹೇಳಲೋ, ಬೇಡವೋ? ಅವತ್ತು ನಾನು ಸುಮ್ಮನಿದ್ದಿದ್ದರೆ ನಿನಗೆ ಒಳ್ಳೆಯದಾಗುತ್ತಿತ್ತೇ? ನನಗೆ ಗೊತ್ತಿರುವವರಲ್ಲಿ ಇದಕ್ಕೆ ಉತ್ತರ ಗೊತ್ತಿರುವವನು ನೀನೊಬ್ಬನೇ. ಫೋನು ಬೇಡ, ಒಂದೇ ಒಂದು ಪದ ಬರೆದು ಕಳಿಸು, ನಾನು ಹಾಗೆಯೇ ಸಹಿ ಹಾಕುತ್ತೇನೆ.